ಬಾಗಿಲು ಪ್ರೋಸರನ ಮಗಳ ಮದುವೆ

ಸ್ಕೆಲ್‌ರಾಯ್ಡ್, ಯಾರ್ಕ್‌ಶೈರ್
2 ಸೆಪ್ಟೆಂಬರ್ 1934

ನೆಸ್ಟಾ,

ನಿನ್ನ ಕಾಗದ ಬಂತು. ಅಕ್ಟೋಬರ್ ಇಪ್ಪತ್ತೇಳು, ಶನಿವಾರ ನಿನ್ನ ಮದುವೆ, ಹವೆಲ್ ಜೊತೆ. ಓದಿದವನೇ ಅಡುಗೆಮನೆಗೆ ಹೋಗಿ ಮನೆಯೊಡತಿ ಅಕ್ರಾಯ್ಡಮ್ಮನಿಗೆ ಹೇಳಿದೆ. "ಗಂಡು ಏನ್ ಮಾಡ್ತಾನೆ?" ಎಂದಳು. "ಗಣಿ ಕೆಲಸ. ನಮ್ಮೂರ ರಗ್ಬಿ ತಂಡಕ್ಕೆ ನಾಯಕ," ಎಂದೆ. "ನಿಮ್ಮೂರ ರಗ್ಬಿ ಅಂದ್ರೆ ಹದಿನೈದು ಜನ ಒಬ್ರ ಮೇಲೊಬ್ರು ಬಿದ್ಕೊಂಡು ನಿದ್ದೆ ಹೊಡೀತಾರಲ್ಲ, ಅದಾ?" ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಬೋಟಿ ಬಡಿಸಿದಳು. ಈ ಊರಲ್ಲಿ ಖುಷಿಗೂ ಬೋಟಿ, ದುಃಖಕ್ಕೂ ಬೋಟಿ.

ಬಂದೇ ಬರುತ್ತೇನೆ. ಅದೇ ಶನಿವಾರ ಇಲ್ಲಿ ನಾನು ಆಡುವ ಲೀಗ್ ರಗ್ಬಿಯ ರೈಡಿಂಗ್ ಕಪ್‌ನ ಫೈನಲ್ ಇದೆ, ಆದರೆ ನೀನು ಹೆದರಬೇಡ. ಒಂದು ಪಂದ್ಯ ಸೋತರೆ ಮುಗಿಯಿತು, ಹೊರಗೆ. ನಮ್ಮ ತಂಡ ಮೊದಲ ಸುತ್ತು ದಾಟಿದ್ದನ್ನು ಕಂಡ ಮುದುಕರೆಲ್ಲ ಗೋರಿ ಸೇರಿದ್ದಾರೆ. ಬರುವ ಶನಿವಾರ ಸೋಲುತ್ತೇವೆ, ಆಮೇಲೆ ನನಗೆ ಬಿಡುವು.

ಒಂದೇ ಮಾತು ಕೇಳಬೇಕು. ಊಟ ಎಲ್ಲಿ? ನಮ್ಮೂರಲ್ಲಿ ಮದುವೆಯೂಟವೆಂದರೆ ರಗ್ಬಿ ಕ್ಲಬ್ಬಿನ ಹಾಲ್. ಆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನಮ್ಮಪ್ಪ, ಊರವರ ಬಾಗಿಲು ಪ್ರೋಸರ್, ಕಾವಲು ಕೂತಿರುತ್ತಾನೆ. ಆಟಕ್ಕೆ ಕಾಸು ಮುಟ್ಟಿದವನು ಒಳಗೆ ಬರಕೂಡದು ಎಂಬ ಹಲಗೆ ಅವನ ತಲೆಯ ಮೇಲೇ ಇದೆ. ನಾನು ಉತ್ತರಕ್ಕೆ ಬಂದು, ಕಾಸು ಕೊಡುವ ಈ ಲೀಗ್ ಆಟ ಸೇರಿ ಎರಡು ವರ್ಷವಾಯಿತು. ಅಪ್ಪನಿಗೆ ಎಷ್ಟು ಕಾಗದ ಬರೆದರೂ ಉತ್ತರವಿಲ್ಲ. ಸ್ವಂತ ತಂಗಿಯ ಮದುವೆಯಲ್ಲಾದರೂ ನಾನು ನಿಮ್ಮ ಜೊತೆ ಕೂತು ಉಣ್ಣಬಹುದಲ್ಲವೇ?

ಗ್ವಿಲಿಮ್

---

ಕ್ವಮ್‌ಹೆಲಿಗ್, ವೇಲ್ಸ್
6 ಸೆಪ್ಟೆಂಬರ್

ಅಣ್ಣ,

ಬೇಗ ಸೋಲು. ಯಾವ ತಂಗಿಯೂ ಅಣ್ಣನಿಗೆ ಇಂಥ ಹಾರೈಕೆ ಕಳಿಸಿರಲಿಕ್ಕಿಲ್ಲ. ಭಾನುವಾರ ಚಾಪೆಲ್‌ನಲ್ಲಿ ಎಲ್ಲರೂ ಗಣಿ ಪೂರ್ತಿ ತೆರೆಯಲೆಂದು ಬೇಡುವಾಗ ನಾನು ನಿಮ್ಮ ತಂಡ ಮಣ್ಣು ಮುಕ್ಕಲೆಂದು ಬೇಡಿಕೊಂಡೆ.

ಇಲ್ಲಿ ಹೊಸತೇನಿಲ್ಲ. ಗಣಿಯಲ್ಲಿ ವಾರಕ್ಕೆ ಮೂರೇ ದಿನ ಕೆಲಸ. ಸೋಮವಾರ ಬಂತೆಂದರೆ ಊರಿಗೆ ಊರೇ ಗೋಡೆಗೆ ಒರಗಿ ಕೂತಿರುತ್ತದೆ. ಆದರೂ "ನಾವು ಕಾಸಿಗೆ ಆಡೋರಲ್ಲ" ಎಂಬ ಜಂಬಕ್ಕೆ ಕಮ್ಮಿಯಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ಮೊನ್ನೆ ಹಾಲು ಜೋನ್ಸ್ ಮನೆ ಮುಂದೆ ಗಾಡಿ ನಿಲ್ಲಿಸಿ, "ಏನಮ್ಮಾ, ಬಾಗಿಲು ಪ್ರೋಸರ್ ಮಗಳ ಮದ್ವೇಲಿ ಬಾಗಿಲು ಯಾರು ಕಾಯ್ತಾರೆ?" ಎಂದು ಕೇಳಿದ. ನಾನು ನಕ್ಕೆ. ಅಪ್ಪ ನಗಲಿಲ್ಲ. "ನಾನೇ," ಎಂದ.

ಊಟದ ಚಿಂತೆ ನಿನಗೆ ಬೇಡ. ಎಲ್ಲೋ ಒಂದು ಕಡೆ ಆಗುತ್ತದೆ.

ನೆಸ್ಟಾ

---

ಸ್ಕೆಲ್‌ರಾಯ್ಡ್
9 ಸೆಪ್ಟೆಂಬರ್

ನೆಸ್ಟಾ,

ಗೆದ್ದುಬಿಟ್ಟೆವು. ಬೇಕೆಂದು ಮಾಡಿದ್ದಲ್ಲ.

ಎದುರಾಳಿಗಳು ಬ್ರಾಕನ್‌ಹೋಮ್‌ನವರು. ಪೇಟೆಯ ತಂಡ, ತೊಳೆದ ಜರ್ಸಿ, ತಲೆಗೆ ಎಣ್ಣೆ. ನಮ್ಮ ಮೈದಾನ ಉಣ್ಣೆ ಗಿರಣಿಯ ಹಿಂದೆ ಇಳಿಜಾರಿನಲ್ಲಿದೆ. ಗಿರಣಿಯ ನೀರೆಲ್ಲ ಕೆಳಗಿನ ಮೂಲೆಗೆ ಬಂದು ನಿಲ್ಲುತ್ತದೆ. ಆ ಕೆಸರಿನಲ್ಲಿ ಅವರು ಜಾರುತ್ತಾ ಬೀಳುತ್ತಾ ರೆಫರಿಗೆ ದೂರು ಹೇಳಿದರು. ಮೇಲುಗಡೆ ನಿಂತಿದ್ದ ಮುದುಕಿಯೊಬ್ಬಳು, "ಕುಣಿಯೋಕೆ ಬರ್ದಿದ್ದೋಳು ನೆಲ ಡೊಂಕು ಅಂದ್ಲಂತೆ," ಎಂದು ಕೂಗಿದಳು. ನಾನು ಎಡ ಅಂಚಿನಲ್ಲಿ ಚೆಂಡು ಹಿಡಿದು ಓಡಿದೆ. ಹಿಂದೆ ಯಾರೂ ಇಲ್ಲದ್ದು ಗೆರೆ ದಾಟಿದ ಮೇಲೇ ತಿಳಿದದ್ದು.

ನಮ್ಮ ನಾಯಕ ವಾಲ್ಟರ್ ಸಗ್ಡೆನ್ ವಾರದ ದಿನಗಳಲ್ಲಿ ಗಿರಣಿಯಲ್ಲಿ ಉಣ್ಣೆಗೆ ಬಣ್ಣ ಹಾಕುವ ಕಡೆ ನನ್ನ ಮೇಸ್ತ್ರಿ. ಇಬ್ಬರ ಕೈಯೂ ಮೊಣಕೈವರೆಗೆ ನೀಲಿ. ಇಲ್ಲಿಯವರಿಗೆ ವೇಲ್ಸ್‌ನವರೆಲ್ಲ ಟ್ಯಾಫಿಗಳೇ. ಅವನು ಹೇಳಿದ, "ನಿನ್ ತಂಗಿಗೆ ಬರಿ ಟ್ಯಾಫಿ, ತಪ್ಪು ವಾಲ್ಟರ್‌ದಲ್ಲ ಅಂತ. ಮುಂದಿನ ಸುತ್ತಲ್ಲಿ ಖಂಡಿತ ಸೋಲ್ತೀವಿ."

ಗ್ವಿಲಿಮ್

---

ಕ್ವಮ್‌ಹೆಲಿಗ್
13 ಸೆಪ್ಟೆಂಬರ್

ಅಣ್ಣ,

ಒಂದು ಗೆಲುವನ್ನು ಕ್ಷಮಿಸಿದ್ದೇನೆ. ಕೇಕಿಗೆ ಒಣದ್ರಾಕ್ಷಿಯನ್ನು ಚಹಾದಲ್ಲಿ ನೆನೆಹಾಕಿದೆ. ಅಮ್ಮನ ಮದುವೆಯ ಉಡುಪನ್ನು ಬಿಚ್ಚಿ ನನ್ನ ಅಳತೆಗೆ ಹೊಲಿಯುತ್ತಿದ್ದೇನೆ. ಅವಳು ನನಗಿಂತ ಸಣ್ಣಗಿದ್ದಳು. ಹವೆಲ್ ಆರಾಮಾಗಿದ್ದಾನೆ, ಮಾತು ಸ್ವಲ್ಪ ಕಮ್ಮಿ. ಯಾವ ರೈಲಿಗೆ ಬರುತ್ತೀಯ, ಬರೆ.

ನೆಸ್ಟಾ

---

ಸ್ಕೆಲ್‌ರಾಯ್ಡ್
23 ಸೆಪ್ಟೆಂಬರ್

ನೆಸ್ಟಾ,

ಎರಡನೇ ಸುತ್ತೂ ಗೆದ್ದೆವು. ಊರಿನವರಿಗೆ ಹುಚ್ಚು ಹಿಡಿದಿದೆ. ಕಟುಕನ ಅಂಗಡಿಯ ಕಿಟಕಿಯಲ್ಲಿ ಹಂದಿಯ ತಲೆಗೆ ನಮ್ಮ ತಂಡದ ಟೋಪಿ ಹಾಕಿದ್ದಾರೆ.

ಅದು ಹಾಗಿರಲಿ. ನಿನ್ನ ಕಾಗದದಲ್ಲಿ ಒಣದ್ರಾಕ್ಷಿ ಇದೆ, ಉಡುಪು ಇದೆ, ರೈಲು ಇದೆ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರವಿಲ್ಲ. ನನಗೆ ಅರ್ಥವಾಯಿತು. "ಹವೆಲ್ ಮಾತು ಕಮ್ಮಿ" ಎಂದೆಯಲ್ಲ, ಅದರಲ್ಲೇ ಎಲ್ಲ ಇದೆ. ಕಾಸಿಗೆ ಆಡುವ ಭಾವಮೈದುನ ಪಕ್ಕದಲ್ಲಿ ಕೂತರೆ ತನ್ನ ನಾಯಕತನಕ್ಕೆ ಕುತ್ತು ಎಂದು ಹೆದರಿದ್ದಾನೆ. ಚಿಕ್ಕಂದಿನಲ್ಲಿ ಒಂದೇ ಜೊತೆ ಬೂಟನ್ನು ಇಬ್ಬರೂ ಸರದಿಯಲ್ಲಿ ಹಾಕಿಕೊಂಡು ಆಡಿದವರು ನಾವು. ಅವನಿಂದ ಇದನ್ನು ನಿರೀಕ್ಷಿಸಿರಲಿಲ್ಲ. ನಾನು ಬರುವುದು ಬೇಡವೆಂದರೆ ಬೇಡವೆಂದು ಬರೆ, ಮುಚ್ಚಿಡಬೇಡ.

ಅಕ್ಷರ ಸೊಟ್ಟಗಿದ್ದರೆ ಬೇಸರಪಡಬೇಡ. ಈ ಮೇಜು ಅಲ್ಲಾಡುತ್ತದೆ.

ಗ್ವಿಲಿಮ್

---

ಕ್ವಮ್‌ಹೆಲಿಗ್
27 ಸೆಪ್ಟೆಂಬರ್

ಅಣ್ಣ,

ಕೇಳು ಹಾಗಾದರೆ. ನಿನ್ನ ಮೊದಲ ಕಾಗದ ಬಂದ ವಾರವೇ ಕ್ಲಬ್ಬಿನ ಅಧ್ಯಕ್ಷ ಔಷಧಿ ಪ್ರಿಚರ್ಡ್ ಮನೆಗೆ ಬಂದಿದ್ದ. ಅಂಗಡಿಯಲ್ಲಿ ಕೆಮ್ಮಿನ ಶೀಸೆ ಕೊಡುವಾಗಿನ ಮೆತ್ತನೆಯ ದನಿಯಲ್ಲೇ ಹೇಳಿದ.

"ನೋಡಮ್ಮ ನೆಸ್ಟಾ, ಹಾಲ್ ನಿಂದೇ ಅಂದ್ಕೋ. ಆದ್ರೆ ನಿಮ್ಮಣ್ಣ ಒಳಗೆ ಬರೋ ಹಾಗಿಲ್ಲ. ನಮ್ಮ ಆಟಗಾರರು ಯಾರಾದ್ರೂ ಅವನ ಜೊತೆ ಒಂದೇ ಮೇಜಲ್ಲಿ ಕೂತು ಉಂಡಿದ್ದನ್ನ ಸಮಿತಿ ಕಣ್ಣಾರೆ ಕಂಡ್ರೆ, ಹೆಸರು ಬರೆದು ಮೇಲಿನ ರಗ್ಬಿ ಸಂಘಕ್ಕೆ ಕಳಿಸ್ಬೇಕಾಗುತ್ತೆ. ಆಮೇಲೆ ಅವ್ರ ಆಟ ಜೀವನಪೂರ್ತಿ ಬಂದ್. ನಿನ್ ಗಂಡನ್ನೂ ಸೇರಿಸಿ."

"ನನ್ ಮದ್ವೇಲಿ ನನ್ನಣ್ಣ ಎಲ್ಲಿ ಕೂತ್ಕೋಬೇಕು ಸಾರ್?"

"ಅದು ಕ್ಲಬ್ಬಿನ ವಿಚಾರ ಅಲ್ಲಮ್ಮ."

ಅಪ್ಪ ಅಲ್ಲೇ ಬೂಟು ಒರೆಸುತ್ತಾ ಕೂತಿದ್ದ. ತಲೆ ಎತ್ತಲಿಲ್ಲ. "ನಿಯಮ ಅಂದ್ರೆ ನಿಯಮ," ಎಂದ. ಅಷ್ಟೇ. ಇದನ್ನು ನಿನಗೆ ಬರೆಯಲು ನನಗೆ ಮನಸ್ಸು ಬರಲಿಲ್ಲ, ಒಣದ್ರಾಕ್ಷಿಯ ಬಗ್ಗೆ ಬರೆದೆ.

ಇನ್ನು ಹವೆಲ್. ವಿಷಯ ಕೇಳಿದ ಕೂಡಲೇ "ಆಟ ಬಿಡ್ತೀನಿ" ಎಂದ. ಹೇಳುವಾಗ ಅವನ ಕಣ್ಣು ತುಂಬಿತ್ತು. ಬೇಡ ಎಂದು ನಾನೇ ಬಾಯಿ ಮುಚ್ಚಿಸಿದೆ. ಯಾರದೋ ಪ್ರತಿಷ್ಠೆಗೆ ಒಂದೇ ಮನೆಯಲ್ಲಿ ಇಬ್ಬರು ಆಟ ಕಳೆದುಕೊಳ್ಳಬೇಕೇ? ಅಂಥವನ ಬಗ್ಗೆ ನೀನು ಬರೆದದ್ದನ್ನು ನಾನು ಅವನಿಗೆ ತೋರಿಸಿಲ್ಲ, ತೋರಿಸುವುದೂ ಇಲ್ಲ. ನಾಚಿಕೆ ಪಡು.

ಇನ್ನೊಂದು ಮಾತು. ಮೇಜು ಅಲ್ಲಾಡಿದರೆ ಅಕ್ಷರ ಅಲ್ಲಾಡುತ್ತದೆ, ಎಡಕ್ಕೆ ಬೀಳುವುದಿಲ್ಲ. ನೀನು ಎಡಗೈಯಲ್ಲಿ ಬರೆದಿದ್ದೀಯ. ಬಲಗೈಗೆ ಏನಾಗಿದೆ?

ನನ್ನ ಪ್ರಾರ್ಥನೆ ವಾಪಸು ತೆಗೆದುಕೊಂಡಿದ್ದೇನೆ. ಮೊನ್ನೆ ಪ್ರಿಚರ್ಡ್‌ನ ಅಂಗಡಿಯಲ್ಲೇ ನಿಂತು, ಹತ್ತು ಜನರ ಮುಂದೆ, "ನಮ್ಮಣ್ಣನ ತಂಡ ಸೆಮಿಫೈನಲ್‌ಗೆ ಬಂದಿದೆ" ಎಂದೆ. ಇನ್ನು ಸೋತೀಯ ಜೋಕೆ.

ನೆಸ್ಟಾ

---

ಸ್ಕೆಲ್‌ರಾಯ್ಡ್
7 ಅಕ್ಟೋಬರ್

ನೆಸ್ಟಾ,

ನಾಚಿಕೆ ಪಟ್ಟೆ. ಹವೆಲ್‌ಗೆ ತೋರಿಸದೆ ಇದ್ದದ್ದು ಒಳ್ಳೆಯದಾಯಿತು. ಆ ಕಾಗದವನ್ನು ಒಲೆಗೆ ಹಾಕು.

ಬಲಗೈಯ ಎರಡು ಬೆರಳು ಮುರಿದಿವೆ. ಎರಡನ್ನೂ ಒಂದಕ್ಕೊಂದು ಬಿಗಿದು ಕಟ್ಟಿ ಆಡುತ್ತಿದ್ದೇನೆ. ಡಾಕ್ಟರಿಗೆ ಗೊತ್ತಿಲ್ಲ, ವಾಲ್ಟರ್‌ಗೆ ಗೊತ್ತು. ಅವನಿಗೂ ಒಂದು ಪಕ್ಕೆಲುಬು ಸರಿಯಿಲ್ಲ, ಅದು ನನಗೆ ಗೊತ್ತು. ಹಾಗಾಗಿ ಇಬ್ಬರೂ ಬಾಯಿ ಬಿಡುವುದಿಲ್ಲ.

ನಿನ್ನೆ ಸೆಮಿಫೈನಲ್ ಗೆದ್ದೆವು. ಕೊನೆಯ ಹತ್ತು ನಿಮಿಷ ನಮ್ಮ ಗೆರೆಯ ಮೇಲೇ ನಿಂತು ತಡೆದೆವು. ಅವರು ಬರುವುದು, ನಾವು ಕೆಡವುವುದು, ಮತ್ತೆ ಬರುವುದು, ಮತ್ತೆ ಕೆಡವುವುದು. ಗೆದ್ದ ಮೇಲೆ ಎಲ್ಲರೂ ಕುಣಿದರು. ನಾನು ಮೂಲೆಯಲ್ಲಿ ಕೂತು ನಿನ್ನ ಮದುವೆಯ ತಾರೀಖನ್ನು ನೆನೆದೆ.

ಇವತ್ತು ವಾಲ್ಟರ್‌ಗೆ ಹೇಳಿದೆ, ಫೈನಲ್ ಆಡಲಾರೆ ಎಂದು. ಅವನು ತನ್ನ ನೀಲಿ ಕೈಯನ್ನು ನನ್ನ ಭುಜದ ಮೇಲಿಟ್ಟ. "ನಾನು ಹುಟ್ಟಿದ್ಮೇಲೆ ಇದೇ ಮೊದಲ್ನೇ ಸಲ ಕಣೋ ಫೈನಲ್ಲು. ಆದ್ರೆ ತಂಗಿ ಒಬ್ಳೇ ಅಲ್ವಾ. ಹೋಗು," ಎಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬರುತ್ತೇನೆ. ಒಳಗೆ ಬಿಡದಿದ್ದರೆ ಹೊರಗೆ ರಸ್ತೆಯಲ್ಲಿ ನಿಂತಾದರೂ ನಿನ್ನನ್ನು ನೋಡಿ ಹೋಗುತ್ತೇನೆ.

ಗ್ವಿಲಿಮ್

---

ಕ್ವಮ್‌ಹೆಲಿಗ್
11 ಅಕ್ಟೋಬರ್

ಅಣ್ಣ,

ಫೈನಲ್ ಬಿಟ್ಟು ಬಂದರೆ ಚಾಪೆಲ್ ಬಾಗಿಲನ್ನೂ ನಿನ್ನ ಮುಖಕ್ಕೆ ನಾನೇ ಹಾಕುತ್ತೇನೆ. ಆ ವಾಲ್ಟರ್‌ಗೆ ಹೇಳು, ಹುಡುಗ ಆಡುತ್ತಾನೆಂದು.

ಮದುವೆಯನ್ನು ಸೋಮವಾರಕ್ಕೆ ಹಾಕಿದ್ದೇನೆ, ಇಪ್ಪತ್ತೊಂಬತ್ತಕ್ಕೆ. ಪಾದ್ರಿಗಳು "ಸೋಮವಾರ ಯಾರಮ್ಮ ಮದುವೆ ಆಗ್ತಾರೆ?" ಎಂದರು. "ಸೋಮವಾರ ಈ ಊರಲ್ಲಿ ಯಾರಿಗೆ ಕೆಲಸ ಇದೆ ಸ್ವಾಮಿ?" ಎಂದೆ. ಪುಸ್ತಕ ತೆಗೆದು ತಾರೀಖು ತಿದ್ದಿದರು.

ನೀನು ರಸ್ತೆ ಎಂದು ಬರೆದದ್ದನ್ನು ಓದಿ ಮೊದಲು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ನೇರ ಪ್ರಿಚರ್ಡ್‌ನ ಅಂಗಡಿಗೆ ಹೋದೆ.

"ಸೋಮವಾರ ಹಾಲ್ ಕೊಡೋಕಾಗಲ್ಲಮ್ಮ, ಸಮಿತಿ ಸಭೆ ಇದೆ," ಎಂದ.

"ಹಾಲ್ ಬೇಡ. ಅದರ ಮುಂದಿನ ರಸ್ತೆ?"

"ರಸ್ತೆ ನಮ್ದಲ್ಲ."

"ಅಷ್ಟೇ ಕೇಳೋಣ ಅಂತ ಬಂದೆ," ಎಂದು ಬಂದುಬಿಟ್ಟೆ.

ಕ್ಲಬ್ಬಿನ ಬಾಗಿಲಿಗೆ ಎದುರಾಗಿಯೇ ಮೇಜು ಹಾಕುತ್ತೇವೆ. ಬೀದಿಯಲ್ಲಿ ಒಬ್ಬೊಬ್ಬರೂ ತಮ್ಮ ಮನೆಯ ಮೇಜು, ತಟ್ಟೆ ತರುತ್ತೇವೆಂದಿದ್ದಾರೆ. ಹವೆಲ್‌ನ ತಂಡದವರೆಲ್ಲ ಬಂದು ಕೂರುತ್ತಾರಂತೆ. "ಪ್ರಿಚರ್ಡ್ ಬಂದು ಕಣ್ಣಾರೆ ಕಂಡ್ರೆ ಏನ್ ಗತಿ?" ಎಂದು ಕೇಳಿದೆ. "ಕಾಣ್ಲಿ ಬಿಡು," ಎಂದರು. ಹೇಳುವಾಗ ಧೈರ್ಯವಾಗಿಯೇ ಹೇಳಿದರು, ಆದರೆ ಒಬ್ಬೊಬ್ಬರ ಮುಖವೂ ಸುಣ್ಣದ ಹಾಗಿತ್ತು. ಅವರಿಗೆ ಈ ಊರಲ್ಲಿ ಆಟ ಬಿಟ್ಟರೆ ಇನ್ನೇನಿದೆ, ಅಣ್ಣ?

ಅಪ್ಪ, "ಬೀದೀಲಿ ತಟ್ಟೆ ಹಾಕೋ ಗತಿ ಬಂತಾ ನಮ್ಮನೆಗೆ?" ಎಂದ. "ಬಾಗಿಲು ಹಾಕಿದೋರು ಯಾರು?" ಎಂದೆ. ಅವತ್ತಿನಿಂದ ನಮ್ಮಿಬ್ಬರಿಗೆ ಮಾತಿಲ್ಲ.

ನೆಸ್ಟಾ

---

ತಂತಿ
27 ಅಕ್ಟೋಬರ್, ಸಂಜೆ

ಸೋತೆವು. ಬರುತ್ತಿದ್ದೇನೆ. ಒಂದು ಕುರ್ಚಿ ಇರಲಿ. ಗ್ವಿಲಿಮ್

---

ಸ್ಕೆಲ್‌ರಾಯ್ಡ್
31 ಅಕ್ಟೋಬರ್

ನೆಸ್ಟಾ,

ಸುಖವಾಗಿ ಬಂದು ತಲುಪಿದೆ. ಮದುವೆಯ ದಿನ ನಿನಗೆ ಹೇಳದ್ದನ್ನು ಈಗ ಹೇಳುತ್ತೇನೆ. ಫೈನಲ್ ಸೋತದ್ದು ನನ್ನಿಂದ. ಒಂದೇ ಅಂಕ ಹಿಂದಿದ್ದೆವು, ಆಟ ಮುಗಿಯುವ ಹೊತ್ತು. ವಾಲ್ಟರ್ ಮೂವರನ್ನು ಮೈಮೇಲೆ ಎಳೆದುಕೊಂಡು ಚೆಂಡನ್ನು ನನಗೆ ಬಿಟ್ಟ. ಮುಂದೆ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಕಟ್ಟಿದ ಬೆರಳುಗಳಿಗೆ ತಾಗಿ ಚೆಂಡು ಕೆಳಗೆ ಬಿತ್ತು. ಅಷ್ಟೇ. ಆದರೂ ಸ್ಕೆಲ್‌ರಾಯ್ಡ್‌ಗೆ ಮರಳಿದಾಗ ಸ್ಟೇಷನ್ನಿನಲ್ಲಿ ಜನ ಬ್ಯಾಂಡ್ ಹಿಡಿದು ನಿಂತಿದ್ದರು. ಅಕ್ರಾಯ್ಡಮ್ಮ, "ಸೋತಿರೋದು ನಾವು, ನೀನ್ಯಾಕೆ ಅಳ್ತೀಯ?" ಎಂದು ಗದರಿದಳು. ಈ ಊರು ಹಾಗೆ.

ಮದುವೆಯೂಟ ನಾನು ಸಾಯುವವರೆಗೂ ಮರೆಯುವುದಿಲ್ಲ. ನೀನು ಅಮ್ಮನ ಉಡುಪಿನಲ್ಲಿ, ನನ್ನ ನೀಲಿ ಕೈ ಹಿಡಿದುಕೊಂಡು ಬೀದಿಯ ಉದ್ದಕ್ಕೂ ನಡೆದೆ. ಹವೆಲ್ ತನ್ನ ಪಕ್ಕದ ಕುರ್ಚಿಯನ್ನು ನನಗೆಂದೇ ಹಿಡಿದಿಟ್ಟಿದ್ದ. ತಂಡದ ಹುಡುಗರು ಒಬ್ಬೊಬ್ಬರಾಗಿ ಬಂದು ನಮ್ಮ ಆಚೆ ಈಚೆ ಕೂತರು.

ಆದರೆ ಅಪ್ಪ. ಕ್ಲಬ್ಬಿನ ಬಾಗಿಲನ್ನು ಅಗಲ ತೆರೆದು, ಹೊಸ್ತಿಲ ಮೇಲೆ ಕುರ್ಚಿ ಹಾಕಿಕೊಂಡು, ನನಗೆ ಬೆನ್ನು ಮಾಡಿ, ಊಟ ಮುಗಿಯುವವರೆಗೂ ಕೂತಿದ್ದ. ಮಗಳ ಮದುವೆಗೂ ಒಂದು ಸಲ ತಿರುಗಲಿಲ್ಲ. ಹೊರಡುವಾಗ ಹತ್ತಿರ ಹೋಗಿ "ಅಪ್ಪ" ಎಂದು ಕರೆದೆ. ಕೇಳಿಸಿತು ಅವನಿಗೆ, ಕಿವಿ ಕೆಂಪಾಯಿತು. ತಿರುಗಲಿಲ್ಲ.

ಆಯಿತು. ನನ್ನ ತಂಗಿಯ ಮದುವೆಯಲ್ಲಿ ಉಂಡೆ, ನನಗೆ ಅಷ್ಟು ಸಾಕು. ಇನ್ನು ಆ ಊರಿಗೆ ನಾನು ಕಾಲಿಡುವುದಿಲ್ಲ. ನೀನೂ ಹವೆಲ್ಲೂ ಇಲ್ಲಿಗೆ ಬನ್ನಿ.

ಗ್ವಿಲಿಮ್

---

ಕ್ವಮ್‌ಹೆಲಿಗ್
4 ನವೆಂಬರ್

ಅಣ್ಣ,

ನೀನು ಕತ್ತೆ. ನಾನೂ ಕತ್ತೆಯೇ. ಮದುವೆಯ ದಿನ ಆ ಬೆನ್ನನ್ನು ನೋಡಿ ನೋಡಿ ನಾನೂ ಒಳಗೊಳಗೇ ಅಪ್ಪನನ್ನು ಬೈದಿದ್ದೆ. ನಿಜ ಗೊತ್ತಾದದ್ದು ಮರುದಿನ ಬೆಳಿಗ್ಗೆ, ಹಾಲು ಜೋನ್ಸ್‌ನಿಂದ. ಅವನೂ ಸಮಿತಿಯಲ್ಲಿದ್ದಾನೆಂದು ಮರೆತೇ ಹೋಗಿತ್ತು.

ಒಳಗೆ ಮೂವರಿದ್ದರಂತೆ. ಪ್ರಿಚರ್ಡ್, ಜೋನ್ಸ್, ಮತ್ತೆ ಗಣಿಯ ಗುಮಾಸ್ತ. ಸಭೆ ಗಿಭೆ ಏನಿಲ್ಲ. ಊಟಕ್ಕೆ ಎಲ್ಲರೂ ಕೂತ ಮೇಲೆ ಹೊರಗೆ ಬಂದು, ನಿನ್ನ ಜೊತೆ ಯಾರ್ಯಾರು ಉಣ್ಣುತ್ತಿದ್ದಾರೆಂದು ಕಣ್ಣಾರೆ ಕಂಡು ಹೆಸರು ಬರೆದುಕೊಳ್ಳಬೇಕೆಂದು ಕಾದಿದ್ದರು. ಆ ಹಾಲ್‌ನ ಕಿಟಕಿಗಳಿಗೆ ಮಬ್ಬು ಗಾಜು, ನಿನಗೆ ಗೊತ್ತಲ್ಲ. ಹಿಂದಿನ ಬಾಗಿಲಿಗೆ ಅಂದು ಬೆಳಿಗ್ಗೆಯೇ ಯಾರೋ ತುಂಬಿದ ಬಿಯರ್ ಪೀಪಾಯಿಗಳನ್ನು ಪೇರಿಸಿಟ್ಟಿದ್ದರು. ಯಾರೋ ಏನು, ಅಪ್ಪನೇ. ಉಳಿದದ್ದು ಮುಂಬಾಗಿಲು. ಅದು ಒಳಕ್ಕೆ ತೆರೆಯುವ ಕದ, ಸುಮ್ಮನೆ ಹಾಕಿದರೆ ಒಳಗಿರುವವರು ಎಳೆದು ಬರಬಹುದು, ಬೀಗ ಹಾಕಿದರೆ ಪ್ರಿಚರ್ಡ್‌ನ ಬಳಿ ಇನ್ನೊಂದು ಕೀಲಿಕೈ ಇದೆ. ಆದ್ದರಿಂದ ಅಪ್ಪ ಕದವನ್ನೇ ತೆರೆದಿಟ್ಟು ತಾನು ಅಡ್ಡ ಕೂತ. ಆ ಮೈಯ ಆಚೆ ಏನಾದರೂ ಕಾಣಿಸುತ್ತದೆಯೇ?

"ಪ್ರೋಸರ್, ದಾರಿ ಬಿಡು," ಎಂದನಂತೆ ಪ್ರಿಚರ್ಡ್.

"ಬಾಗಿಲು ಕಾಯೋದು ನನ್ ಕೆಲ್ಸ ಸಾರ್. ಕಾಯ್ತಿದೀನಿ."

"ಹೊರಗಿಂದ ಬರೋರನ್ನ ತಡೆಯೋಕೆ ನಿನ್ನ ಇಟ್ಟಿರೋದು."

"ಇಷ್ಟು ವರ್ಷ ನೀವು ಹೇಳ್ದೋರನ್ನ ತಡ್ದಿದೀನಿ. ನನ್ ಮಗನ್ನೂ ತಡ್ದೆ. ಇವತ್ತೊಂದಿನ ನಾನು ಹೇಳ್ದೋರು ತಡ್ಕೊಳ್ಳಲಿ. ಕೂತ್ಕೊಳ್ಳಿ ಸಾರ್, ಊಟ ಮುಗಿಯೋಕೆ ಇನ್ನೂ ಹೊತ್ತಿದೆ."

ಪ್ರಿಚರ್ಡ್ ಎರಡು ಸಲ ಪಕ್ಕದಿಂದ ನುಗ್ಗಲು ನೋಡಿದ. ಅಪ್ಪ ಕೂತಲ್ಲಿಂದಲೇ ಭುಜ ಕೊಟ್ಟು ಎರಡು ಸಲವೂ ಹಿಂದಕ್ಕೆ ಕಳಿಸಿದ. ಇಷ್ಟು ಹೇಳಿ ಹಾಲು ಜೋನ್ಸ್ ಹಾಲಿನ ಅಳತೆಯನ್ನು ಕೆಳಗಿಟ್ಟ. "ಆಮೇಲೆ ಗ್ವಿಲಿಮ್ ಬಂದು 'ಅಪ್ಪ' ಅಂದ. ನೀವೆಲ್ಲ ನೋಡಿದ್ದು ಬೆನ್ನು ಕಣಮ್ಮ. ಮುಖ ನೋಡ್ದೋರು ನಾವ್ ಮೂರೇ ಜನ. ಒಂದು ಕ್ಷಣ ತಿರುಗಿದ್ರೂ ಪ್ರಿಚರ್ಡ್ ಹೊರಗಿರ್ತಿದ್ದ. ನಿಮ್ಮಪ್ಪ ತಿರುಗಲಿಲ್ಲ, ಕಣ್ಣಲ್ಲಿ ನೀರು ಸುರೀತಾ ಇತ್ತು, ಒರೆಸ್ಕೊಳ್ಳೋಕೂ ಕೈ ಎತ್ತಲಿಲ್ಲ. ಅದನ್ನ ನೋಡಿದ್ಮೇಲೆ ಗುಮಾಸ್ತಾನೂ ನಾನೂ ಕೂತ್ಬಿಟ್ವಿ," ಎಂದ.

ಮರುದಿನವೇ ಅಪ್ಪನನ್ನು ಕೆಲಸದಿಂದ ತೆಗೆದರು. ಸಮಿತಿ ಏನೂ ಕಾಣಲಿಲ್ಲವಾದ್ದರಿಂದ ಒಂದು ಹೆಸರನ್ನೂ ಬರೆಯಲಾಗಲಿಲ್ಲ. ನಿನ್ನೆ ಶನಿವಾರ ಹವೆಲ್ ಎಂದಿನಂತೆ ತಂಡವನ್ನು ಕರೆದುಕೊಂಡು ಮೈದಾನಕ್ಕೆ ಇಳಿದ. ಅಪ್ಪ ಬೀಗದ ಕೈ ಒಪ್ಪಿಸಿ, ಕುರ್ಚಿಯನ್ನು ಮಾತ್ರ ತಲೆಯ ಮೇಲೆ ಹೊತ್ತು ಮನೆಗೆ ತಂದ. ಪ್ರಿಚರ್ಡ್ ಅದು ಕ್ಲಬ್ಬಿನ ಆಸ್ತಿ ಎಂದದ್ದಕ್ಕೆ, "ಬಂದು ಎತ್ಕೊಂಡ್ ಹೋಗಿ," ಎಂದನಂತೆ. ಯಾರೂ ಬಂದಿಲ್ಲ. ಈಗ ಅದು ಒಲೆಯ ಪಕ್ಕ, ಅಪ್ಪನ ಕುರ್ಚಿಗೆ ಎದುರಾಗಿದೆ. ಹವೆಲ್ ಕೂರಲು ಹೋದರೆ ಅಪ್ಪ ಕೆಮ್ಮುತ್ತಾನೆ.

ನಿನ್ನ ಕಾಗದವನ್ನು ಇವತ್ತು ಮಧ್ಯಾಹ್ನ ಅವನ ಮುಂದೆ ಗಟ್ಟಿಯಾಗಿ ಓದಿದೆ, ಇನ್ನು ಕಾಲಿಡುವುದಿಲ್ಲ ಎಂಬಲ್ಲಿಯವರೆಗೆ, ಒಂದಕ್ಷರ ಬಿಡದೆ. ಅಪ್ಪ ಬೆಂಕಿ ಕೆದಕುತ್ತಾ ಕೂತ. "ಅವನಿಗೆ ಏನಾದ್ರೂ ಬರೀಬೇಕಾ?" ಎಂದು ಕೇಳಿದೆ. ಉತ್ತರ ಬರುವುದಿಲ್ಲವೆಂದುಕೊಂಡು ಎದ್ದು ಹೊರಟವಳನ್ನು ಕರೆದ.

"ಚೆಂಡನ್ನ ಬೆರಳಲ್ಲಿ ಹಿಡೀಬೇಡ, ಎದೆಗೆ ಒತ್ಕೋ ಅಂತ ಅವನು ಇಷ್ಟುದ್ದ ಇದ್ದಾಗಿಂದ ಬಡ್ಕೊಂಡಿದೀನಿ. ಕೇಳಿದ್ನಾ? ಬೆರಳು ವಾಸಿ ಆದ್ಮೇಲೆ ಬರೋಕೆ ಹೇಳು, ಹಿತ್ತಲಲ್ಲಿ ಇನ್ನೊಂದ್ಸಲ ತೋರಿಸ್ತೀನಿ."

ಮುರಿದ ಬೆರಳು ಬೇಗ ಕೂಡಲಿ. ಬಂದಾಗ ಬಾಗಿಲು ತಟ್ಟುತ್ತಾ ನಿಲ್ಲಬೇಡ.

ನೆಸ್ಟಾ